ದಡದವರ ಕಡೆಯಿಂದ ಬರೆ

ಪ್ರಿಯ ತಮ್ಮಾ,

ನಿನ್ನ ಕರಡು ಓದಿದೆ. ಉತ್ತರ ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡಿನ ಮೂಲನಿವಾಸಿಗಳಾದ ಯೋಲ್ಙು ಜನರಿಗೂ ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಮಕಾಸ್ಸರ್ ನಾವಿಕರಿಗೂ ಇದ್ದ ನಂಟನ್ನು ಕನ್ನಡಕ್ಕೆ ತರಲು ಹೊರಟಿದ್ದೀಯ, ಬಹಳ ಸಂತೋಷವಾಯಿತು. ಆದರೆ ಮೊದಲ ನಾಲ್ಕು ಪ್ಯಾರಾ ಪೂರ್ತಿ ದೋಣಿಯವರದೇ ಕಥೆ. ಯೋಲ್ಙುಗಳು ದಡದಲ್ಲಿ ಸುಮ್ಮನೆ ನಿಂತ ಗುಂಪಾಗಿಬಿಟ್ಟಿದ್ದಾರೆ. ಅದನ್ನು ತಿದ್ದು. ಆ ದಡ ಅವರದು, ಆ ಕಡಲೂ ಅವರದು.

ಕೆಲಸದಿಂದ ಶುರುಮಾಡು. ಡಿಸೆಂಬರಿನ ವಾಯವ್ಯ ಗಾಳಿ ಹಿಡಿದು ಮಕಾಸ್ಸರಿನವರ ಪ್ರಾವು ಎಂಬ ಹಾಯಿದೋಣಿಗಳು ಬರುತ್ತಿದ್ದವು, ಏಪ್ರಿಲ್ ಹೊತ್ತಿಗೆ ಗಾಳಿ ತಿರುಗಿದಾಗ ಮರಳುತ್ತಿದ್ದವು. ನಡುವಿನ ತಿಂಗಳುಗಳಲ್ಲಿ ಕಡಲಸೌತೆ ಎಂಬ ಕಡಲಜೀವಿಯನ್ನು ಹಿಡಿಯಬೇಕು, ಕರುಳು ತೆಗೆಯಬೇಕು, ಕಬ್ಬಿಣದ ಕೊಪ್ಪರಿಗೆಯಲ್ಲಿ ಬೇಯಿಸಿ ಮರಳಲ್ಲಿ ಹೂಳಬೇಕು, ಮತ್ತೆ ತೆಗೆದು ಕಾಂಡ್ಲಾ ತೊಗಟೆ ಹಾಕಿ ಬೇಯಿಸಬೇಕು, ಹೊಗೆಯಲ್ಲಿ ಒಣಗಿಸಬೇಕು. ಕೊಳ್ಳುವವರು ಚೀನಾದವರು. ಈ ದುಡಿಮೆಯಲ್ಲಿ ಯೋಲ್ಙುಗಳ ಕೈಯೂ ಇತ್ತು. ಬದಲಿಗೆ ಬಟ್ಟೆ, ಅಕ್ಕಿ, ತಂಬಾಕು, ಕಬ್ಬಿಣ ಸಿಗುತ್ತಿತ್ತು. ಕೊಪ್ಪರಿಗೆ ಇಟ್ಟ ಕಲ್ಲಿನ ಸಾಲುಗಳು ಇಂದಿಗೂ ಅಲ್ಲಿವೆ, ನಾವಿಕರ ಜೊತೆ ಬಂದ ಹುಣಸೆಯ ಮರಗಳೂ ಇವೆ. ಹುಣಸೆಯನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಿಲ್ಲ, ಅಲ್ಲಿ ಇನ್ನಷ್ಟು ಹೊತ್ತು ನಿಲ್ಲು.

ಹಿತವಾದದ್ದನ್ನಷ್ಟೇ ಆರಿಸಿಕೊಳ್ಳಬೇಡ. 1803ರಲ್ಲಿ ಇಂಗ್ಲಿಷ್ ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್‌ಗೆ ಎದುರಾದ ಪೊಬಾಸ್ಸು ಎಂಬ ಪ್ರಾವುಗಳ ನಾಯಕ ತನ್ನ ಮೊಣಕಾಲಿಗೆ ಹಿಂದೊಮ್ಮೆ ಈಟಿ ಬಿದ್ದದ್ದನ್ನು ಹೇಳಿ, ಜೋಪಾನ ಎಂದು ಎಚ್ಚರಿಸಿದ್ದ. ಅದನ್ನು ಯಾಕೆ ಬಿಟ್ಟೆ? ಅದೇ ಕರಾವಳಿಯಲ್ಲಿ ಸಂಬಂಧಗಳು ಬೆಳೆದವು, ಮಕ್ಕಳಾದರು, ಕೆಲವರು ಅದೇ ದೋಣಿ ಹತ್ತಿ ಮಕಾಸ್ಸರಿಗೂ ಹೋದರು. ಈಟಿಯೂ ನೆಂಟಸ್ತನವೂ ಒಂದೇ ಪುಟದಲ್ಲಿರಲಿ.

ಬರೀ ಫ್ಲಿಂಡರ್ಸ್‌ನ ಬರಹವನ್ನೇ ನೆಚ್ಚಿಕೊಳ್ಳಬೇಡ. ಆರ್ನೆಮ್ ಲ್ಯಾಂಡಿನ ಜುಲಿರ್ರಿಯಲ್ಲಿ ಮೂಲನಿವಾಸಿಗಳು ಬಂಡೆಯ ಮೇಲೆ ಬಿಡಿಸಿದ ಪ್ರಾವು ಇದೆ. ಅದರ ಮೇಲೆ ಆಮೇಲೆ ಅಂಟಿಸಿದ ಜೇನುಮೇಣವನ್ನು ಪರೀಕ್ಷಿಸಿ, ಚಿತ್ರ 1664ಕ್ಕಿಂತ ಹಿಂದಿನದೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ಕಂಡದ್ದನ್ನು ದಡದವರೇ ದಾಖಲಿಸಿದ ಪುರಾವೆ ಅದು, ನಿನ್ನ ಲೇಖನದ ನಡುಮನೆಯಲ್ಲಿ ಇರಬೇಕಾದದ್ದು.

ಕೊನೆಯದಾಗಿ, ‘1907ರಲ್ಲಿ ಸಂಪರ್ಕ ನಿಂತುಹೋಯಿತು’ ಎಂದು ಬರೆದಿದ್ದೀಯ. ತಾನಾಗಿ ನಿಲ್ಲಲಿಲ್ಲ, ನಿಲ್ಲಿಸಿದರು. ಆಗ ಆ ಪ್ರದೇಶವನ್ನು ಆಳುತ್ತಿದ್ದ ದಕ್ಷಿಣ ಆಸ್ಟ್ರೇಲಿಯಾ ಸರ್ಕಾರ ಮೊದಲು ಸುಂಕ ಹಾಕಿತು, ಆಮೇಲೆ ಪರವಾನಗಿ ಕೊಡುವುದನ್ನೇ ಬಿಟ್ಟಿತು. ಮಕಾಸ್ಸರಿನ ನಾಯಕ ಉಸಿಂಗ್ ದಾಏಂಗ್ ರಂಗ್ಕಾನ ಪ್ರಾವು ಬಂದದ್ದೇ ಕೊನೆ. ಆ ವಾಕ್ಯವನ್ನು ಮುಂದಿನ ಮಳೆಗಾಲಕ್ಕೆ ನೆಂಟರ ದಾರಿ ಕಾದವರ ಕಡೆಯಿಂದ ಬರೆ. 1988ರಲ್ಲಿ ‘ಹಾತಿ ಮರೆಗೆ’ ಎಂಬ ಪ್ರಾವು ಮಕಾಸ್ಸರಿನಿಂದ ಮತ್ತೆ ಅಲ್ಲಿಗೆ ಹೋಗಿದ್ದನ್ನೂ ಸೇರಿಸಿ, ತಿದ್ದಿದ ಪ್ರತಿ ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಹಿತೈಷಿ