ಗೆಳೆಯನಿಗೊಂದು ಪತ್ರ: ಮಾರ್ನಿ ಸ್ಟರ್ನ್ ಹಾಡುಗಳಲ್ಲಿ ಲಯ ಹಿಡಿಯುವುದು ಗಿಟಾರ್

ಪ್ರಿಯ ಗೆಳೆಯ,

ಅಮೆರಿಕದ ಗಿಟಾರ್ ವಾದಕಿ, ಗಾಯಕಿ ಮಾರ್ನಿ ಸ್ಟರ್ನ್ ಅವರ ಮೊದಲ ಆಲ್ಬಮ್ಮಿನ ಧಾಟಿಯಲ್ಲಿ ನಿನ್ನದೊಂದು ಹಾಡು ಕಟ್ಟುತ್ತಿದ್ದೀಯ, ಮೂರು ಗಿಟಾರ್ ಸೇರಿಸಿದ ಕೂಡಲೇ ಎಲ್ಲ ಕಲಸುಮೇಲೋಗರ ಆಗುತ್ತಿದೆ ಅಂತ ಬರೆದಿದ್ದೀಯಲ್ಲ, ಅದಕ್ಕೆ ಈ ಉತ್ತರ. ಮೊದಲು ಡ್ರಮ್ ಪ್ರೋಗ್ರಾಮ್ ಮಾಡಿ, ಆಮೇಲೆ ಅದರ ಮೇಲೆ ಗಿಟಾರ್ ನುಡಿಸುತ್ತಿದ್ದೀಯ. ತೊಂದರೆಯ ಬೇರು ಅಲ್ಲೇ ಇದೆ.

ಆ ಆಲ್ಬಮ್, ‘ಇನ್ ಅಡ್ವಾನ್ಸ್ ಆಫ್ ದ ಬ್ರೋಕನ್ ಆರ್ಮ್’, 2007ರಲ್ಲಿ ರೆಕಾರ್ಡ್ ಕಂಪನಿ ಕಿಲ್ ರಾಕ್ ಸ್ಟಾರ್ಸ್‌ನಿಂದ ಬಂತು. ಹೆಸರು ಫ್ರೆಂಚ್ ಕಲಾವಿದ ಮಾರ್ಸೆಲ್ ದ್ಯುಷಾಂ 1915ರಲ್ಲಿ ಕಲಾಕೃತಿ ಅಂತ ಘೋಷಿಸಿದ ಹಿಮ ಎತ್ತುವ ಸಲಿಕೆಯದು. ಡ್ರಮ್ ನುಡಿಸಿದವರು ಹೆಲ್ಲಾ ಎಂಬ ರಾಕ್ ತಂಡದ ಝ್ಯಾಕ್ ಹಿಲ್. ಅವರ ಡ್ರಮ್ ಒಂದನ್ನೇ ಗಮನವಿಟ್ಟು ಕೇಳು. ಒಂದು, ಎರಡು, ಮೂರು, ನಾಲ್ಕು ಅಂತ ನಿನಗೆ ಯಾರೂ ಎಣಿಸಿಕೊಡುವುದಿಲ್ಲ. ಉರುಳುಗಳು (ಡ್ರಮ್ ರೋಲ್), ಒಡೆದ ಒತ್ತುಗಳು, ಎಡೆಬಿಡದ ಸಿಂಬಲ್. ಈಗ ಗಿಟಾರ್ ಕಡೆ ಕಿವಿ ತಿರುಗಿಸು. ಚಿಕ್ಕದೊಂದು ಸ್ವರಗುಂಪು ಒಂದೇ ವೇಗದಲ್ಲಿ ಸುತ್ತುತ್ತಲೇ ಇರುತ್ತದೆ. ಲಯ ಹಿಡಿದಿರುವುದು ಅದು. ಅದು ಗಟ್ಟಿಯಾಗಿರುವುದಕ್ಕೇ ಡ್ರಮ್‌ಗೆ ಅಷ್ಟು ಸ್ವಾತಂತ್ರ್ಯ. 1978ರಲ್ಲಿ ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಎರಡು ಕೈಗಳ ಟ್ಯಾಪಿಂಗನ್ನು (ಎರಡೂ ಕೈಬೆರಳಿನಿಂದ ಗಿಟಾರ್ ಕೊರಳಿನ ಮೇಲೆ ತಂತಿ ಬಡಿದು ಸ್ವರ ಹುಟ್ಟಿಸುವುದು) ಮನೆಮಾತು ಮಾಡಿದಾಗ ಅದು ಸೋಲೋದ ಮೆರುಗಾಗಿತ್ತು. ಸ್ಟರ್ನ್ ಅದೇ ತಂತ್ರವನ್ನು ಹಾಡಿನ ಅಡಿಪಾಯಕ್ಕೆ ಇಳಿಸಿದರು. ಈ ಆಲ್ಬಮ್ಮಿನ ದೊಡ್ಡ ಸಾಧನೆ ಅದೇ ಅನ್ನುತ್ತೇನೆ.

ಹಾಗಾಗಿ ಕ್ಲಿಕ್ (ಮೆಟ್ರೊನೋಮ್‌ನ ಟಿಕ್ ಟಿಕ್) ಮತ್ತು ಒಂದೇ ಗಿಟಾರ್‌ನಿಂದ ಶುರು ಮಾಡು.

ತೆಳು ತಂತಿಗಳ 9-42 ಸೆಟ್ ಸಾಕು. ಹನ್ನೆರಡನೇ ಫ್ರೆಟ್ (ಕೊರಳಿನ ಮೇಲಿನ ಲೋಹದ ಪಟ್ಟಿ) ಹತ್ತಿರ ತಂತಿಯ ಎತ್ತರ ತೆಳು ತಂತಿಗೆ ಸುಮಾರು 1.2 ಮಿ.ಮೀ., ದಪ್ಪ ತಂತಿಗೆ 1.5 ಮಿ.ಮೀ. ಇರಲಿ. ಇನ್ನೂ ಇಳಿಸಿದರೆ ಫ್ರೆಟ್‌ಗೆ ಉಜ್ಜಿ ಝರ್ ಅನ್ನುತ್ತದೆ, ಏರಿಸಿದರೆ ಬೆರಳಿನ ಬಡಿತಕ್ಕೆ ಸ್ವರ ಹುಟ್ಟುವುದಿಲ್ಲ. ತಲೆಗೂದಲಿಗೆ ಹಾಕುವ ಬಟ್ಟೆಯ ರಬ್ಬರ್ ಬ್ಯಾಂಡ್ ಒಂದನ್ನು ಮೊದಲ ಫ್ರೆಟ್ ಮೇಲೆ ಸುತ್ತು. ತಂತಿಯನ್ನು ಬಡಿದಾಗ ಬೆರಳಿನ ಆಚೆಗಿನ ತುಂಡೂ, ಅಂದರೆ ಕೊರಳಿನ ತುದಿಯ ನಟ್ ಕಡೆಯದೂ, ಸಣ್ಣಗೆ ನುಡಿಯುತ್ತದೆ. ಪಕ್ಕದ ಖಾಲಿ ತಂತಿಗಳೂ ದನಿಗೂಡಿಸುತ್ತವೆ. ಒಂದು ಗಿಟಾರ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ, ಮೂರು ಸೇರಿದರೆ ನೀನು ಹೇಳಿದ ಆ ಮಬ್ಬು.

ಈಗ ಬೆರಳು. ಅತಿ ತೆಳು ತಂತಿಯಲ್ಲಿ ಎಡಗೈ ತೋರುಬೆರಳು 5ನೇ ಫ್ರೆಟ್, ಕಿರುಬೆರಳು 8, ಬಲಗೈ ಮಧ್ಯದ ಬೆರಳು 12. ಪಿಕ್ ಹೆಬ್ಬೆರಳು ಮತ್ತು ತೋರುಬೆರಳ ನಡುವೆಯೇ ಇರಲಿ. ಕ್ರಮ ಹೀಗೆ: 12-8-5-8-5. ಬಾಯಲ್ಲಿ ತಕತಕಿಟ ಅನ್ನುತ್ತಾ ನುಡಿಸು, ಐದು ಅಕ್ಷರಕ್ಕೆ ಐದು ಸ್ವರ. ಬಲಬೆರಳನ್ನು ನೇರ ಮೇಲಕ್ಕೆ ಎತ್ತಿದರೆ ಮುಂದಿನ ಸ್ವರ ಸತ್ತೇಹೋಗುತ್ತದೆ. ನೆಲದ ಕಡೆಗೆ ಚೂರು ಜಾರಿಸಿ ಬಿಡು, ತಂತಿಯನ್ನು ಮೀಟಿದಂತಾಗಬೇಕು. ಜಾಸ್ತಿ ಎಳೆದರೆ ಶ್ರುತಿ ಏರುತ್ತದೆ. ಬಲಬೆರಳು ಬಿಡುವ ಮೊದಲೇ ಕಿರುಬೆರಳು 8ರ ಮೇಲೆ ಕೂತಿರಬೇಕು. ತಡವಾದರೆ ಸ್ವರ ನೇರ 5ಕ್ಕೆ ಬೀಳುತ್ತದೆ, ಐದರ ಗುಂಪು ನಾಲ್ಕಾಗುತ್ತದೆ.

ಈ ಮೂರು ಸ್ವರ ಸೇರಿದರೆ ಎ ಮೈನರ್ ಕಾರ್ಡ್. ಬಲಬೆರಳನ್ನು ಮಾತ್ರ 13ಕ್ಕೆ ಸರಿಸು, ಎಡಗೈ ಕದಲುವುದೇ ಬೇಡ, ಎಫ್ ಮೇಜರ್ ಬಂತು. ಒಂದೇ ಫ್ರೆಟ್ ಜಾರಿದ್ದಕ್ಕೆ ಬಣ್ಣವೇ ಬೇರೆ! ಇಂಥ ಸಣ್ಣ ಬದಲಾವಣೆಗಳಲ್ಲೇ ಹಾಡನ್ನು ಮುಂದಕ್ಕೆ ಒಯ್ಯಬಹುದು.

ಅಭ್ಯಾಸ ಸರಳೆ ವರಸೆಯ ಹಾಗೆ ಕಾಲ ಏರಿಸುತ್ತಾ ನಡೆಯಲಿ. ಕ್ಲಿಕ್ ನಿಮಿಷಕ್ಕೆ 60 ಬೀಟಿಗೆ ಇಟ್ಟು, ಬೀಟಿಗೆ ಒಂದು, ಎರಡು, ಕೊನೆಗೆ ನಾಲ್ಕು ಸ್ವರ. ಸ್ವಚ್ಛವಾಗಿ ಬಂದ ಮೇಲೆ ನಾಲ್ಕು ನಾಲ್ಕೇ ಏರಿಸು. 120ಕ್ಕೆ ಬಂದಾಗ ಸೆಕೆಂಡಿಗೆ ಎಂಟು ಸ್ವರ. ಅಷ್ಟು ವೇಗದಲ್ಲಿ ಎಡಗೈ ಸ್ವರಗಳು ಮೆತ್ತಗಾಗುವುದು ಸಹಜ. ಅದಕ್ಕೇ ಡಿಸ್ಟಾರ್ಷನ್‌ಗಿಂತ ಮುಂಚೆ ಕಂಪ್ರೆಸರ್ (ಜೋರು, ಮೆತ್ತನೆ ಸದ್ದುಗಳ ಅಂತರ ತಗ್ಗಿಸುವ ಸಾಧನ) ಇಡು, 4:1 ಅನುಪಾತ. ಆದರೆ ಕಂಪ್ರೆಸರ್ ಗುಂಯ್ ಅನ್ನುವ ಸದ್ದನ್ನೂ ಎತ್ತುತ್ತದೆ. ಕೈ ಒರಟಾಗಿದ್ದರೆ ಅದು ಮುಚ್ಚಿಡುವುದಿಲ್ಲ.

ನಿನ್ನ ಲೂಪ್ (ಮತ್ತೆ ಮತ್ತೆ ಸುತ್ತುವ ತುಣುಕು) ಪ್ರತಿ ಸುತ್ತಿಗೂ ಎಡವುತ್ತಿದೆ ಅಂದೆಯಲ್ಲ, ಅದು ಬರೀ ಲೆಕ್ಕ. ನಾಲ್ಕು ಬಾರ್‌ಗೆ 64 ಸ್ವರ, ಬಾರ್ ಒಂದಕ್ಕೆ ನಾಲ್ಕು ಬೀಟ್, ಬೀಟಿಗೆ ನಾಲ್ಕು ಸ್ವರ. ಐದರ ಗುಂಪು ಹನ್ನೆರಡು ಮುಗಿದು ನಾಲ್ಕು ಸ್ವರ ಉಳಿಯುತ್ತದೆ. ಅಲ್ಲಿ ಕತ್ತರಿಸಿ ಅಂಟಿಸಿದರೆ ಮುಗ್ಗರಿಸದೆ ಇನ್ನೇನು? ಐದು ಬಾರ್ ತಗೋ. 80 ಸ್ವರ, ಸರಿಯಾಗಿ ಹದಿನಾರು ಗುಂಪು, ಸಮಕ್ಕೆ ಬಂದು ಕೂಡುತ್ತದೆ.

ರೆಕಾರ್ಡಿಂಗ್‌ಗೆ 24 ಬಿಟ್, 48 ಕಿಲೋಹರ್ಟ್ಸ್, ಮಟ್ಟ ಜೋರಾದಾಗಲೂ ಮೈನಸ್ 10 ಡಿಬಿ ದಾಟದಿರಲಿ. ಬಫರ್ (ಕಂಪ್ಯೂಟರ್ ಒಮ್ಮೆಗೆ ತೆಗೆದುಕೊಳ್ಳುವ ಸ್ಯಾಂಪಲ್‌ಗಳ ಸಂಖ್ಯೆ) 128 ಇಟ್ಟರೆ ತಡ 3 ಮಿಲಿಸೆಕೆಂಡಿನೊಳಗೆ. 1024 ಇದ್ದರೆ 21, ಹೋಗುತ್ತಾ ಒಂದು ಸಲ, ಬರುತ್ತಾ ಇನ್ನೊಂದು ಸಲ. ಟ್ಯಾಪಿಂಗ್ ಬೆರಳಿಗೆ ಅದು ಸಹಿಸಲಾಗದ ತಡ. ಎಡಕ್ಕೊಂದು, ಬಲಕ್ಕೊಂದು ಗಿಟಾರ್ ಬೇಕಾದರೆ ಎರಡು ಸಲ ನುಡಿಸಲೇಬೇಕು. ಒಂದೇ ಟೇಕನ್ನು ಕಾಪಿ ಮಾಡಿ ಎರಡೂ ಕಡೆ ಇಟ್ಟರೆ ಸದ್ದು ನಡುವಿಗೇ ಬರುತ್ತದೆ. 10 ಮಿಲಿಸೆಕೆಂಡ್ ಜರುಗಿಸಿ ಅಗಲ ಮಾಡಲು ಹೋದರೆ ಮೋನೋದಲ್ಲಿ (ಎಡ ಬಲ ಸೇರಿ ಒಂದೇ ಆದಾಗ) 50, 150, 250 ಹರ್ಟ್ಸ್ ಹೀಗೆ ಸಾಲಾಗಿ ಕಂಪನಗಳು ಒಂದನ್ನೊಂದು ಕಡಿದುಹಾಕುತ್ತವೆ. ಫೋನ್ ಸ್ಪೀಕರಿನಲ್ಲಿ ಕೇಳಿದವರಿಗೆ ಡಬ್ಬದೊಳಗಿಂದ ಬಂದ ಹಾಗೆ.

ಡಿಸ್ಟಾರ್ಷನ್ ನಿನಗೆ ಬೇಕು ಅನ್ನಿಸಿದ್ದರ ಅರ್ಧಕ್ಕೆ ಇಳಿಸು. ಮೂರು ಲೇಯರ್ ಸೇರಿದಾಗ ಒರಟುತನ ತಾನಾಗಿ ಕೂಡುತ್ತದೆ. 120 ಹರ್ಟ್ಸ್‌ಗಿಂತ ಕೆಳಗಿನದನ್ನು ಮೂರರಿಂದಲೂ ತೆಗೆದುಬಿಡು, ಆ ಜಾಗ ಬೇಸ್ ಗಿಟಾರ್ ಮತ್ತು ಕಾಲಲ್ಲಿ ಬಡಿಯುವ ಕಿಕ್ ಡ್ರಮ್‌ಗೆ. ದನಿಯನ್ನೂ ಸ್ಟರ್ನ್ ಹಾಗೆ ಎತ್ತರದ ಸ್ಥಾಯಿಯಲ್ಲಿ, ಪದರ ಪದರವಾಗಿ ಇಡುವುದಾದರೆ 3 ಕಿಲೋಹರ್ಟ್ಸ್ ಸುತ್ತ ಗಿಟಾರ್‌ಗಳನ್ನು 2–3 ಡಿಬಿ ತಗ್ಗಿಸು. ಸಾಲುಗಳು ಚಿಕ್ಕದಿರಲಿ, ಘೋಷಣೆಯ ಹಾಗೆ. ಉದ್ದ ಸಾಲು ಈ ಗಿಟಾರ್ ಮೇಲೆ ನಿಲ್ಲುವುದಿಲ್ಲ.

ಡ್ರಮ್ ಕೊನೆಗೆ. ಗಿಟಾರ್ ಐದರಲ್ಲಿ ಸುತ್ತುವಾಗ ಕಿಕ್, ಸ್ನೇರ್ ಕೂಡ ಐದಕ್ಕೇ ಒತ್ತು ಕೊಟ್ಟರೆ ಎಳೆದಾಟವೇ ಉಳಿಯುವುದಿಲ್ಲ. ನಾಲ್ಕರಲ್ಲೇ ನಡೆಸು. ಎರಡೂ ಕೂಡುವ ಆರನೇ ಬಾರ್‌ನ ಮೊದಲ ಬೀಟಿಗೆ ಮಾತ್ರ ಕ್ರ್ಯಾಶ್ ಸಿಂಬಲ್ ಕೊಡು. ಮೌಸಿನಿಂದ ಗ್ರಿಡ್ಡಿಗೆ ಅಂಟಿಸಿದ ಉರುಳು ಇಲ್ಲಿ ಜೀವವಿಲ್ಲದೆ ಕೇಳುತ್ತದೆ. ಡ್ರಮ್ಮರ್ ಸಿಗದಿದ್ದರೆ ಪ್ಯಾಡ್ ಮೇಲೆ ಕೈಯಲ್ಲೇ ಬಡಿದು ರೆಕಾರ್ಡ್ ಮಾಡು, ಕ್ವಾಂಟೈಸ್ (ಬಡಿತಗಳನ್ನು ತಾನಾಗಿ ಗ್ರಿಡ್ಡಿಗೆ ಸರಿಹೊಂದಿಸುವ ಗುಂಡಿ) ಒತ್ತಬೇಡ.

ಮೊದಲ ಗಿಟಾರ್ ಟ್ರ್ಯಾಕ್ ಒಂದನ್ನೇ, ಕ್ಲಿಕ್ ತೆಗೆದು, ಕಳಿಸು. ಡ್ರಮ್ ಇಲ್ಲದೆಯೂ ಅದು ನಿಲ್ಲುತ್ತದೋ ಇಲ್ಲವೋ ಕೇಳಿ ಹೇಳುತ್ತೇನೆ.

ಇಂತಿ,
ನಿನ್ನ ಗೆಳೆಯ