45 ದಿನದ ಕಾನೂನು, 180 ದಿನದ ವಿನಾಯಿತಿ: ಪೀಣ್ಯದಿಂದ ಶೋಭಾ ಕರಂದ್ಲಾಜೆಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶೋಭಾ ಕರಂದ್ಲಾಜೆಯವರಿಗೆ,
ನಮಸ್ಕಾರ.

ಪೀಣ್ಯ ಎರಡನೇ ಹಂತದ ಬಾಡಿಗೆ ಶೆಡ್ಡಿನಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮಷಿನ್ ಇಟ್ಟುಕೊಂಡು ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವವನು ನಾನು. ತಾವು ಬೆಂಗಳೂರು ಉತ್ತರದ ಸಂಸದರು, ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಖಾತೆಯ ರಾಜ್ಯ ಸಚಿವರೂ ಹೌದು. ಇಂಥ ಯೋಗ ಪೀಣ್ಯಕ್ಕೆ ಪದೇ ಪದೇ ಕೂಡಿ ಬರುವುದಿಲ್ಲ. ಅದಕ್ಕೇ ರಸ್ತೆಗುಂಡಿ, ಕರೆಂಟ್ ದರ, ಸಬ್ಸಿಡಿ ಎಲ್ಲ ಬದಿಗಿಟ್ಟು ಒಂದೇ ವಿಷಯ ಬರೆಯುತ್ತಿದ್ದೇನೆ. ಕೊಟ್ಟ ಮಾಲಿಗೆ ದುಡ್ಡು ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ. ಬಾರದಿರುವುದಕ್ಕೆ ಕೊಳ್ಳುವವರ ಮನಸ್ಸು ಒಂದು ಕಾರಣವಾದರೆ, ದೆಹಲಿಯ ಎರಡು ಇಲಾಖೆಗಳು ಬರೆದ ಎರಡು ನಿಯಮ ಒಂದನ್ನೊಂದು ನೋಡಿಕೊಳ್ಳದೇ ಇರುವುದು ಇನ್ನೊಂದು.

ಕಾನೂನಿಗೆ ಬರವಿಲ್ಲ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಓದಲು ಎಷ್ಟು ಚೆಂದ! ಈ ಬಡ್ಡಿಯನ್ನು ಬಿಲ್ಲಿಗೆ ಸೇರಿಸಿ ಕಳಿಸುವ ಧೈರ್ಯ ಮಾಡಿದವರನ್ನು ನಮ್ಮ ಬೀದಿಯಲ್ಲಿ ನಾನಂತೂ ನೋಡಿಲ್ಲ.

ಆಮೇಲೆ 2023ರ ಬಜೆಟ್ಟಿನಲ್ಲಿ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಎಂಬ ಸೆಕ್ಷನ್ ಬಂತು. ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು, ನಿಜವಾಗಿ ಪಾವತಿಸುವವರೆಗೆ, ಖರೀದಿದಾರರು ತಮ್ಮ ಖರ್ಚೆಂದು ತೋರಿಸುವಂತಿಲ್ಲ. ಉದ್ದೇಶ ಒಳ್ಳೆಯದೇ. ಆದರೆ ಇದರ ಬಿಸಿ ತಟ್ಟುವುದು ಮಾರ್ಚ್ 31ಕ್ಕೆ ಮಾತ್ರ. ಏಪ್ರಿಲ್‌ನ ಬಿಲ್ಲಿಗೆ ಫೆಬ್ರವರಿಯಲ್ಲಿ ದುಡ್ಡು ಕೊಟ್ಟರೂ ಅದೇ ವರ್ಷದ ಖರ್ಚಾಗಿ ಹೋಗುತ್ತದೆ, ತೆರಿಗೆಯಲ್ಲಿ ಅವರಿಗೆ ಒಂದು ರೂಪಾಯಿಯೂ ನಷ್ಟವಿಲ್ಲ. ಹಾಗಾಗಿ ಮಾರ್ಚ್ ಬಂತೆಂದರೆ ಅಕೌಂಟ್ಸ್ ವಿಭಾಗದವರು ತಾವಾಗಿಯೇ ಫೋನ್ ಮಾಡಿ ಬಾಕಿ ಎಷ್ಟೆಂದು ಕೇಳುತ್ತಾರೆ. ಉಳಿದ ತಿಂಗಳುಗಳಲ್ಲಿ ನಾವು ಮಾಡಿದ ಫೋನ್ ಎತ್ತುವುದಿಲ್ಲ. ಕೆಲವರದು ಇನ್ನೂ ಮುಂದಿನ ಬುದ್ಧಿ: ‘ಈ ಲಾಟ್‌ನ ಬಿಲ್ ಏಪ್ರಿಲ್ ಡೇಟಲ್ಲಿ ಹಾಕ್ಬಿಡಿ ಸಾರ್.’ ಮಾಲು ಅಷ್ಟರಲ್ಲಿ ಅವರ ಸ್ಟೋರ್ಸ್ ಸೇರಿರುತ್ತದೆ.

45 ದಿನದ ಲೆಕ್ಕ ಶುರುವಾಗುವುದು ಮಾಲು ಒಪ್ಪಿಕೊಂಡ ದಿನದಿಂದ. ಹದಿನೈದು ದಿನದೊಳಗೆ ಲಿಖಿತ ತಕರಾರು ಬಾರದಿದ್ದರೆ ತಲುಪಿಸಿದ ದಿನವೇ ಒಪ್ಪಿದಂತೆ ಎಂದು ಕಾಯ್ದೆ ಹೇಳುತ್ತದೆ. ಪರ್ಚೇಸ್‌ನವರು ಹೇಳುವುದೇ ಬೇರೆ: ‘ಜಿಆರ್‌ಎನ್ (ಮಾಲು ಬಂದ ರಸೀದಿ) ಆಗಿಲ್ಲ, ಇನ್‌ಸ್ಪೆಕ್ಷನ್ ಪೆಂಡಿಂಗ್.’ ಇತ್ತ ನಾವು ಕಳಿಸಿದ ಪಾರ್ಟು ಅವರ ಅಸೆಂಬ್ಲಿಗೆ ಸೇರಿ ಗಿರಾಕಿಯ ಮನೆ ಮುಟ್ಟಿರುತ್ತದೆ.

ಈಗ ಜಿಎಸ್‌ಟಿಗೆ ಬರೋಣ. ನನಗೆ ಹೊಟ್ಟೆ ಉರಿಯುವುದು ಇಲ್ಲಿ. ಹತ್ತು ಲಕ್ಷದ ಮಾಲು ಕೊಟ್ಟೆನೆಂದಿಟ್ಟುಕೊಳ್ಳಿ. ಶೇ 18ರಂತೆ ತೆರಿಗೆ ₹1.80 ಲಕ್ಷ. ಕಚ್ಚಾ ಉಕ್ಕಿಗೆ ಐದು ಲಕ್ಷ ಹಾಕಿದ್ದರೆ ಅದರ ಮೇಲೆ ಆಗಲೇ ಕೊಟ್ಟ ತೆರಿಗೆಯ ಕ್ರೆಡಿಟ್ ₹90 ಸಾವಿರ ಕಳೆದು, ಉಳಿದ ₹90 ಸಾವಿರವನ್ನು ಮುಂದಿನ ತಿಂಗಳ 20ರೊಳಗೆ ನಾನು ಕಟ್ಟಬೇಕು. ಗಿರಾಕಿ ನನಗೆ ನಯಾಪೈಸೆ ಕೊಟ್ಟಿರಲಿ ಬಿಡಲಿ. ತಡವಾದರೆ ವರ್ಷಕ್ಕೆ ಶೇ 18 ಬಡ್ಡಿ. ನಾನು ರಿಟರ್ನ್ ಹಾಕಿದ ಮೇಲೆ ಆ ಕಂಪನಿ ಪೂರ್ತಿ ₹1.80 ಲಕ್ಷದ ಕ್ರೆಡಿಟ್ ತೆಗೆದುಕೊಳ್ಳುತ್ತದೆ. ನನಗೆ ದುಡ್ಡು ಕೊಡದೆಯೇ! ಎಷ್ಟು ದಿನ ಹೀಗೆ ಇಟ್ಟುಕೊಳ್ಳಬಹುದು? ಜಿಎಸ್‌ಟಿ ಕಾಯ್ದೆಯ 16ನೇ ಸೆಕ್ಷನ್ ಕೊಡುವುದು 180 ದಿನ. ಅದು ಮೀರಿದರೆ ಮಾತ್ರ ಕ್ರೆಡಿಟ್ಟನ್ನು ಬಡ್ಡಿಸಮೇತ ಹಿಂತಿರುಗಿಸಬೇಕು.

ಎಂದರೆ ತಮ್ಮ ಸಚಿವಾಲಯದ ಕಾಯ್ದೆ 45 ದಿನ ಎನ್ನುತ್ತದೆ, ಹಣಕಾಸು ಸಚಿವಾಲಯದ ಕಾಯ್ದೆ ಆರು ತಿಂಗಳವರೆಗೆ ಸುಮ್ಮನಿರುತ್ತದೆ. ದೊಡ್ಡ ಕಂಪನಿಯ ಲೆಕ್ಕಿಗರು ಎರಡರಲ್ಲಿ ಯಾವುದನ್ನು ಗೋಡೆಗೆ ಅಂಟಿಸಿಕೊಳ್ಳುತ್ತಾರೆಂದು ಹೇಳಬೇಕೆ? ಇತ್ತ ನನ್ನ ಬ್ಯಾಂಕು 90 ದಿನ ಕಂತು ತಪ್ಪಿದರೆ ಖಾತೆಯನ್ನು ಎನ್‌ಪಿಎ (ವಸೂಲಾಗದ ಸಾಲ) ಮಾಡುತ್ತದೆ. ಅವರಿಗೆ ಸಿಕ್ಕ ಕಾಲದ ಅರ್ಧ ನನಗೆ!

‘ದೂರು ಕೊಡಿ, ಆನ್‌ಲೈನ್ ಪೋರ್ಟಲ್ ಇದೆ, ಬಾಕಿಯ ವ್ಯಾಜ್ಯ ತೀರಿಸುವ ಫೆಸಿಲಿಟೇಶನ್ ಕೌನ್ಸಿಲ್ ಇದೆ’ ಎಂದು ಅಧಿಕಾರಿಗಳು ಹೇಳುತ್ತಾರೆ. ಇದೆ, ನಿಜ. ಕೌನ್ಸಿಲ್ಲಿನ ಆದೇಶವನ್ನು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಖರೀದಿದಾರ ಶೇ 75ರಷ್ಟು ಮೊತ್ತ ಠೇವಣಿ ಇಡಬೇಕೆಂಬ ಗಟ್ಟಿ ನಿಯಮವೂ ಇದೆ. ಆದರೆ ದೂರು ಕೊಟ್ಟ ದಿನವೇ ಮುಂದಿನ ಪಿಓ (ಖರೀದಿ ಆರ್ಡರ್) ಬಾಗಿಲು ಮುಚ್ಚುತ್ತದೆ. ಪಕ್ಕದ ಶೆಡ್ಡಿನಲ್ಲೂ ಅದೇ ಮಷಿನ್ ಇದೆ, ಅದೇ ಡ್ರಾಯಿಂಗ್ ಅಲ್ಲಿಗೆ ಹೋಗುತ್ತದೆ. ಹೀಗಾಗಿ ಪೋರ್ಟಲ್ಲಿಗೆ ಹೋಗುವವರು ಹೆಚ್ಚಾಗಿ ಆ ಗಿರಾಕಿಯ ಆಸೆ ಬಿಟ್ಟವರು, ಇಲ್ಲವೇ ಶಟರ್ ಎಳೆದವರು.

ನಮ್ಮ ದೂರು ಬೇಕಾದರೂ ಯಾಕೆ? 45 ದಿನ ಮೀರಿದ ಬಾಕಿಯ ವಿವರವನ್ನು ಕಂಪನಿಗಳು ಆರು ತಿಂಗಳಿಗೊಮ್ಮೆ ಎಂಎಸ್‌ಎಂಇ-1 ನಮೂನೆಯಲ್ಲಿ ಸಲ್ಲಿಸಬೇಕೆಂದು 2019ರಿಂದಲೇ ಆದೇಶವಿದೆ. ಯಾರು, ಯಾರಿಗೆ, ಎಷ್ಟು ಕೊಡಬೇಕು ಎಂಬುದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯಕ್ಕೆ ಹೋಗುತ್ತದೆ. ಆ ಪಟ್ಟಿ ಹಿಡಿದು ಸರ್ಕಾರವೇ ನೋಟಿಸ್ ಕೊಟ್ಟರೆ ನನ್ನ ಹೆಸರು ಎಲ್ಲೂ ಬರುವುದಿಲ್ಲ, ನನ್ನ ಪಿಓ ಉಳಿಯುತ್ತದೆ.

ಖರೀದಿದಾರರು ಒಪ್ಪಿದ ನಮ್ಮ ಬಿಲ್ಲಿಗೆ ಬ್ಯಾಂಕುಗಳು ಮೊದಲೇ ಹಣ ಕೊಡುವ ಆನ್‌ಲೈನ್ ವೇದಿಕೆ ಟ್ರೆಡ್ಸ್ ಬಗ್ಗೆ ಒಂದೇ ಮಾತು. ₹250 ಕೋಟಿ ಮೀರಿದ ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ಅದರಲ್ಲಿ ನೋಂದಾಯಿಸಬೇಕೆಂದು ಹೇಳಿದಿರಿ. ಸ್ವಾಗತ. ಆದರೆ ನೋಂದಣಿ ಮಾಡಿಕೊಂಡು, ನಮ್ಮ ಬಿಲ್ಲನ್ನು ಅಲ್ಲಿ ಒಪ್ಪದೆ ಕೂತರೆ ಏನು ಮಾಡುವುದು?

ಹಾಗೆಯೇ 2025ರ ಏಪ್ರಿಲ್ 1ರಿಂದ ‘ಸಣ್ಣ’ ಉದ್ಯಮದ ವಹಿವಾಟಿನ ಮಿತಿ ₹100 ಕೋಟಿಗೆ ಏರಿತು. ಇದರಿಂದ ಒಂದು ಲಾಭವೂ ಆಯಿತೆಂದು ಒಪ್ಪುತ್ತೇನೆ. 45 ದಿನದ ಕಾಟ ಬೇಡವೆಂದು, ಆ ನಿಯಮದ ಹೊರಗಿರುವ ಮಧ್ಯಮ ಉದ್ಯಮಗಳತ್ತ ಆರ್ಡರ್ ತಿರುಗಿಸುತ್ತಿದ್ದವರಿಗೆ ಆ ದಾರಿ ಕಿರಿದಾಗಿದೆ. ಆದರೆ ಕೇಂದ್ರದ ಖರೀದಿಯಲ್ಲಿ ನಮಗೆಂದು ಇಟ್ಟ ಶೇ 25ರ ಪಾಲಿನಲ್ಲಿ ಇನ್ನು ತೊಂಬತ್ತು ಕೋಟಿಯವರೂ ನನ್ನ ಪಕ್ಕದಲ್ಲೇ ಟೆಂಡರ್ ಹಾಕುತ್ತಾರೆ. ಅದರ ತಂಟೆ ಇನ್ನೊಮ್ಮೆ ಬರೆಯುತ್ತೇನೆ.

ನಾನು ಕೇಳುತ್ತಿರುವುದಕ್ಕೆ ಬೊಕ್ಕಸದಿಂದ ಹಣ ಬೇಕಿಲ್ಲ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಕೊಂಡ ಮಾಲಿನ ಮಟ್ಟಿಗೆ ಜಿಎಸ್‌ಟಿಯ 180 ದಿನವನ್ನು 45ಕ್ಕೆ ಇಳಿಸಿ. ಬಿಲ್ಲಿನ ದಿನಾಂಕ ಜಿಎಸ್‌ಟಿ ಪೋರ್ಟಲ್ಲಿನಲ್ಲೇ ಇರುವುದರಿಂದ ವರ್ಷದ ಹನ್ನೆರಡೂ ತಿಂಗಳು ಲೆಕ್ಕ ಹಾಕಬಹುದು, ಮಾರ್ಚಿಗೆ ಕಾಯಬೇಕಿಲ್ಲ.

ಜಿಎಸ್‌ಟಿ ಮಂಡಳಿಯಲ್ಲಿ ತಮ್ಮ ಸಚಿವಾಲಯಕ್ಕೆ ಕುರ್ಚಿಯಿಲ್ಲ ಎಂಬುದು ಗೊತ್ತು. ಅಲ್ಲಿ ಕೂರುವವರು ಕೇಂದ್ರದ ಹಣಕಾಸು ಸಚಿವರು ಮತ್ತು ರಾಜ್ಯಗಳ ಸಚಿವರು. ಕರ್ನಾಟಕವನ್ನು ಪ್ರತಿನಿಧಿಸುತ್ತಿರುವವರು ಕೃಷ್ಣ ಬೈರೇಗೌಡರು, ಬ್ಯಾಟರಾಯನಪುರದ ಶಾಸಕರು. ಆ ವಿಧಾನಸಭಾ ಕ್ಷೇತ್ರವೂ ತಮ್ಮ ಲೋಕಸಭಾ ಕ್ಷೇತ್ರದೊಳಗೇ ಇದೆ. ಪಕ್ಷ ಬೇರೆ ಬೇರೆ ಇರಲಿ. ತಾವು ಹಣಕಾಸು ಸಚಿವಾಲಯಕ್ಕೆ ಒಂದು ಪತ್ರ ಬರೆದು, ಅದರ ಪ್ರತಿಯನ್ನು ಅವರಿಗೂ ಕಳಿಸಿದರೆ ಮುಂದಿನ ಸಭೆಯ ಕಾರ್ಯಸೂಚಿಗೆ ಈ ವಿಷಯ ಸೇರಬಹುದು. ಬರೆದರೆ, ದಯವಿಟ್ಟು ಆ ಪತ್ರವನ್ನೂ ಬಹಿರಂಗವಾಗಿಯೇ ಬರೆಯಿರಿ.

ಇಂತಿ,
ಪೀಣ್ಯ ಎರಡನೇ ಹಂತದ ಒಬ್ಬ ಸಣ್ಣ ಕೈಗಾರಿಕೆಯವ
(ಹೆಸರು ಹಾಕಿಲ್ಲ. ಕಾರಣ ಮೇಲೆಯೇ ಇದೆ.)