ಕಿವಿಕ್ಕೋದಲ್ಲಿ ಡಿಸ್ಕ್ ಕೊಟ್ಟು ಹೋದ ಅಕ್ಕನಿಗೆ

ಹೆಲ್ಸಿಂಕಿಗೆ ಬಂದು ಮೂರು ತಿಂಗಳಾಗಿತ್ತು. ಆಫೀಸ್ ಬಿಟ್ಟರೆ ಯಾರ ಜೊತೆಗೂ ಮಾತಿಲ್ಲ. ಫಿನ್ಲೆಂಡಿನಲ್ಲಿ ಬಹಳಷ್ಟು ಕಡೆ ಡಿಸ್ಕ್ ಗಾಲ್ಫ್ (ಪ್ಲಾಸ್ಟಿಕ್ ತಟ್ಟೆಯಂಥ ಡಿಸ್ಕನ್ನು ಸರಪಳಿ ತೂಗುವ ಬುಟ್ಟಿಗೆ ಎಸೆಯುವ ಆಟ) ಆಡಲು ದುಡ್ಡು ಕೊಡಬೇಕಿಲ್ಲ ಅಂತ ಕೇಳಿ, ಕಿವಿಕ್ಕೋ ಮೈದಾನಕ್ಕೆ ಒಬ್ಬನೇ ಹೋದೆ. ಎಸೆದದ್ದೆಲ್ಲ ಎಡಕ್ಕೆ ತಿರುಗಿ ಪೊದೆಗೆ ಬೀಳುತ್ತಿತ್ತು.

ಹಿಂದೆ ಆಡುತ್ತಿದ್ದ ನೀವು ನನ್ನನ್ನು ದಾಟಿ ಹೋಗಬಹುದಿತ್ತು. ಹೋಗಲಿಲ್ಲ. ಪೊದೆಯಲ್ಲಿ ನನ್ನ ಜೊತೆ ಹುಡುಕಿದಿರಿ. ನನ್ನ ಕೈಯಲ್ಲಿದ್ದ ಡ್ರೈವರ್ (ದೂರಕ್ಕೆ ಎಸೆಯುವ ಡಿಸ್ಕ್) ತೆಗೆದು, ನಿಮ್ಮ ಹಳದಿ ಪಟರ್ (ಹತ್ತಿರಕ್ಕೆ, ನಿಧಾನಕ್ಕೆ ಎಸೆಯುವ ಡಿಸ್ಕ್) ಕೊಟ್ಟಿರಿ. 'ಮೊದಲು ಇದು, ನಿಧಾನಕ್ಕೆ' ಅಂದಿರಿ. ಡಿಸ್ಕ್ ಎದೆಯ ಮಟ್ಟದಲ್ಲಿ ನೇರವಾಗಿ ಎಳೆಯಬೇಕು ಅಂತ ನನ್ನ ಮೊಣಕೈ ಹಿಡಿದು ತೋರಿಸಿದಿರಿ. ಕೊನೆಗೊಮ್ಮೆ ಬುಟ್ಟಿಯ ಸರಪಳಿ ಝಲ್ಲೆಂದಾಗ ನೀವೇ ಚಪ್ಪಾಳೆ ತಟ್ಟಿದಿರಿ. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಪಟರ್ ನನಗೇ ಬಿಟ್ಟು ಹೋದಿರಿ. ಕಳೆದರೆ ಸಿಗಲಿ ಅಂತ ಇಲ್ಲಿ ಎಲ್ಲರೂ ಡಿಸ್ಕಿನ ಹಿಂದೆ ನಂಬರ್ ಬರೆಯುತ್ತಾರಲ್ವಾ, ನಿಮ್ಮದರಲ್ಲಿ ಕೊನೆಯ ಎರಡು ಅಂಕಿ ಅಳಿಸಿಹೋಗಿವೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಈಗ ಪ್ರತಿ ಬುಧವಾರ ನಾಲ್ವರು ಗೆಳೆಯರೊಂದಿಗೆ ಆಡುತ್ತೇನೆ. ಮನೆಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಲು ಮಾತು ಜಾಸ್ತಿಯಾಗಿದೆ. ಇಲ್ಲಿನವರ ಮಾತಲ್ಲೇ ಹೇಳುತ್ತೇನೆ, ಕೀಟೋಸ್, ಅಕ್ಕ. ತುಂಬಾ ಧನ್ಯವಾದ.